ಟೇಪ್‌ರೆಕಾರ್ಡರನ್ನು ಗುಜರಿಗೆ ಹಾಕುವ ಮುನ್ನ

ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಟೇಪ್‌ರೆಕಾರ್ಡರ್ ಇದೆಯೇ? 1980ರ ದಶಕದಲ್ಲಿ ಗಲ್ಫ್‌ನಲ್ಲಿ ದುಡಿಯುತ್ತಿದ್ದವರು ಕಾಗದದ ಬದಲು ತಮ್ಮ ಮಾತನ್ನೇ ತುಂಬಿ ಕಳುಹಿಸುತ್ತಿದ್ದ ಕ್ಯಾಸೆಟ್‌ಗಳೂ ಜೊತೆಗಿರಬಹುದು. ಸದ್ದು ಗೊರಗೊರ ಎನ್ನುತ್ತದೆಂದು ಅವಸರದಲ್ಲಿ ಗುಜರಿಗೆ ಹಾಕಬೇಡಿ.

ಎಷ್ಟೋ ಸಲ ಕೆಟ್ಟಿರುವುದು ಇಡೀ ಯಂತ್ರವಲ್ಲ, ಒಳಗಿನ ರೆಕಾರ್ಡ್-ಪ್ಲೇ ಸ್ವಿಚ್ ಮಾತ್ರ. ರೆಕಾರ್ಡ್ ಗುಂಡಿ ಒತ್ತಿದಾಗ ಸರಿಯುವ ಉದ್ದನೆಯ ಸ್ವಿಚ್ ಇದು. ಕಾಲ ಕಳೆದಂತೆ ಇದರ ಲೋಹದ ತುದಿಗಳು ಕಿಲುಬು ಹಿಡಿದು ಕಪ್ಪಾಗುತ್ತವೆ.

ಮೊದಲು ಪ್ಲಗ್ ಕಿತ್ತು, ಸೆಲ್‌ಗಳನ್ನು ತೆಗೆಯಿರಿ. ಸ್ವಿಚ್ಚಿನ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರನ್ನು ತುಸುವೇ ಸಿಂಪಡಿಸಿ, ಇಪ್ಪತ್ತು ಸಲ ಹಿಂದೆ ಮುಂದೆ ಸರಿಸಿ. ಪೂರ್ತಿ ಆರಿದ ಮೇಲೆಯೇ ಚಾಲೂ ಮಾಡಿ. ಸ್ಯಾಂಡ್ ಪೇಪರ್‌ನಿಂದ ಉಜ್ಜಿದರೆ ಮೇಲಿನ ತೆಳು ಲೇಪ ಹೋಗುತ್ತದೆ. ಅಡುಗೆ ಎಣ್ಣೆ ಬಿಟ್ಟರೆ ಧೂಳು ಅಂಟುತ್ತದೆ. ವಾಲ್ವ್ ರೇಡಿಯೊವನ್ನು ಮಾತ್ರ ನೀವೇ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ನೂರಾರು ವೋಲ್ಟ್ ಉಳಿದಿರಬಹುದು.

ವಿಜಯನಗರದವರು ಮೆಟ್ರೊದಲ್ಲಿ ಮೆಜೆಸ್ಟಿಕ್‌ಗೆ ಹೋಗಿ ಗಾಡಿ ಬದಲಿಸಿದರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ. ಅಲ್ಲಿಂದ ಎಸ್.ಪಿ. ರಸ್ತೆ ಹತ್ತಿರ, ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳ ಸಾಲೇ ಅಲ್ಲಿದೆ.

ಇನ್ನೊಂದು ಎಚ್ಚರಿಕೆ. ಸ್ವಿಚ್ ರೆಕಾರ್ಡ್ ಕಡೆಗೇ ಸಿಕ್ಕಿಕೊಂಡಿದ್ದರೆ, ಕೇಳಲೆಂದು ಹಾಕಿದ ಕ್ಯಾಸೆಟ್ಟೇ ಅಳಿಸಿಹೋಗಬಹುದು. ಆದ್ದರಿಂದ ಬೇಡವಾದ ಒಂದು ಕ್ಯಾಸೆಟ್ ಹಾಕಿ ಕೇಳಿ, ಹಿಂದಕ್ಕೆ ಸುತ್ತಿ ಮತ್ತೆ ಕೇಳಿ. ಧ್ವನಿ ಹಾಗೆಯೇ ಇದ್ದರೆ ಮಾತ್ರ ಮನೆಯವರ ಕ್ಯಾಸೆಟ್ ಹಾಕಿ. ಅದರ ಮೇಲಂಚಿನ ಎರಡು ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದಿಡಿ. ಮಕ್ಕಳು ರೆಕಾರ್ಡ್ ಗುಂಡಿ ಒತ್ತಿದರೂ ಅದು ಕೂರುವುದಿಲ್ಲ. ಅಂದೇ ಆ ಧ್ವನಿಯನ್ನು ಮೊಬೈಲಿಗೆ ಇಳಿಸಿಕೊಳ್ಳಿ. ಯಂತ್ರ ಇನ್ನೊಂದು ಸಿಕ್ಕೀತು, ಅಗಲಿದ ತಂದೆಯ ಧ್ವನಿ ಸಿಗದು.