ಹಳದಿ ಬಾವುಟ ಇಳಿಯುವ ತನಕ

ಒಂದು ಪುಟ್ಟ ಸಂಸಾರ ಎಂದಿಟ್ಟುಕೊಳ್ಳಿ. ಅಪ್ಪ, ಅಮ್ಮ, ಶಾಲೆಗೆ ಹೋಗುವ ವಯಸ್ಸಿನ ಇಬ್ಬರು ಮಕ್ಕಳು. ತಮ್ಮದೇ ಯಾಟ್‌ನಲ್ಲಿ, ಅಂದರೆ ಹಾಯಿದೋಣಿಯಲ್ಲಿ, ಫಿಜಿಯಿಂದ ಹೊರಟು ಸಾವಿರಕ್ಕೂ ಹೆಚ್ಚು ನಾಟಿಕಲ್ ಮೈಲಿ ಸಮುದ್ರ ದಾಟಿದ್ದಾರೆ. ಎಂಟು ಹತ್ತು ದಿನಗಳಿಂದ ನೆಟ್ಟಗೆ ನಿದ್ದೆಯಿಲ್ಲ. ಕೊನೆಗೊಂದು ಮುಂಜಾನೆ ನ್ಯೂಜಿಲೆಂಡಿನ ಹಸಿರು ಗುಡ್ಡಗಳು ಕಾಣುತ್ತವೆ. ಓಪುವಾ ಬಂದರು ಬಂದೇಬಿಟ್ಟಿತು! ಮಕ್ಕಳಿಗೆ ದಡಕ್ಕೆ ಜಿಗಿಯುವ ತವಕ. ಆದರೆ ಅಪ್ಪ ಮಾಡುವ ಮೊದಲ ಕೆಲಸವೇ ಬೇರೆ. ಹಗ್ಗಕ್ಕೊಂದು ಹಳದಿ ಬಾವುಟ ಕಟ್ಟಿ ಮೇಲೇರಿಸುತ್ತಾನೆ.

ಅಂತರರಾಷ್ಟ್ರೀಯ ಸಂಕೇತಗಳಲ್ಲಿ ಇದು ‘ಕ್ಯೂ’ ಅಕ್ಷರದ ಬಾವುಟ. “ನಮ್ಮ ದೋಣಿಯಲ್ಲಿ ರೋಗವಿಲ್ಲ, ಒಳಬರಲು ಅಪ್ಪಣೆ ಕೊಡಿ” ಎಂದು ಇದರ ಅರ್ಥ. ಅಪ್ಪಣೆ ಸಿಗುವ ತನಕ ಯಾರೂ ನೆಲಕ್ಕೆ ಕಾಲಿಡುವಂತಿಲ್ಲ.

ಈ ಕಟ್ಟಳೆ ಇಂದು ನಿನ್ನೆಯದಲ್ಲ. ಪ್ಲೇಗ್ ಮಾರಿ ಯೂರೋಪನ್ನು ಕಾಡುತ್ತಿದ್ದ ಕಾಲದಲ್ಲಿ, 1377ರಲ್ಲಿ, ರಗೂಸ ನಗರವು ಸೋಂಕಿನ ಊರುಗಳಿಂದ ಬಂದವರು 30 ದಿನ ಹೊರಗೇ ಕಾಯಬೇಕೆಂದು ವಿಧಿಸಿತು. ಅದೇ ಇಂದಿನ ಕ್ರೊಯೇಷಿಯಾದ ಡುಬ್ರೊವ್ನಿಕ್. ಮುಂದೆ ಈ ಅವಧಿ 40 ದಿನಕ್ಕೆ ಬೆಳೆಯಿತು. ಇಟಲಿಯ ಮಾತಿನಲ್ಲಿ ನಲವತ್ತಕ್ಕೆ ‘ಕ್ವಾರಂತಾ’. ಕೋವಿಡ್ ದಿನಗಳಲ್ಲಿ ನಮ್ಮ ಮನೆಮನೆಯ ಮಾತಾದ ‘ಕ್ವಾರಂಟೈನ್’ ಹುಟ್ಟಿದ್ದು ಹೀಗೆ.

ಓಪುವಾಕ್ಕೆ ಮರಳೋಣ. ಹೊರಡುವಾಗಲೇ ಫಿಜಿಯ ಕಸ್ಟಮ್ಸ್‌ನಿಂದ ನಿರ್ಗಮನ ಪತ್ರ ಪಡೆದಿರಬೇಕು. ನ್ಯೂಜಿಲೆಂಡಿಗೆ ಕನಿಷ್ಠ 48 ಗಂಟೆ ಮೊದಲೇ ಸೂಚನೆ ಕೊಟ್ಟಿರಬೇಕು. ಕಂಡ ಕಂಡ ಕೊಲ್ಲಿಯಲ್ಲಿ ಲಂಗರು ಹಾಕುವಂತಿಲ್ಲ, ಗೊತ್ತುಪಡಿಸಿದ ಬಂದರಿಗೇ ಬರಬೇಕು. 2018ರ ಮೇ ತಿಂಗಳಿಂದ ಇನ್ನೊಂದು ಷರತ್ತೂ ಸೇರಿದೆ: ದೋಣಿಯ ತಳಕ್ಕೆ ಪಾಚಿ, ಚಿಪ್ಪುಜೀವಿಗಳು ಅಂಟಿರದೆ ಚೊಕ್ಕಟವಾಗಿರಬೇಕು.

ಅಧಿಕಾರಿಗಳು ದೋಣಿಗೇ ಬರುತ್ತಾರೆ. ಪಾಸ್‌ಪೋರ್ಟು, ದೋಣಿಯ ನೋಂದಣಿ, ಔಷಧಿ, ಬಂದೂಕು ಎಲ್ಲದರ ವಿಚಾರಣೆ ಮುಗಿದ ಮೇಲೆ ಸರದಿ ಅಡುಗೆಮನೆಯದು! ತಾಜಾ ಹಣ್ಣು, ತರಕಾರಿ, ಜೇನುತುಪ್ಪ ಎಲ್ಲವನ್ನೂ ಒಪ್ಪಿಸಬೇಕು. ಬೂಟಿನ ಮಣ್ಣನ್ನೂ ಬಿಡುವುದಿಲ್ಲ.

ಒಂದು ಕಿತ್ತಳೆಗೆ ಇಷ್ಟೆಲ್ಲ ರಾದ್ಧಾಂತವೇ ಎನ್ನಬೇಡಿ. ಆ ದೇಶ ಬದುಕಿರುವುದು ಹೈನು, ಕುರಿ, ಹಣ್ಣಿನ ತೋಟಗಳ ಮೇಲೆ. ಅಲ್ಲಿ ಕಾಲುಬಾಯಿ ಜ್ವರ ಇದುವರೆಗೆ ಕಾಣಿಸಿಕೊಂಡೇ ಇಲ್ಲ. ಕೊಟ್ಟಿಗೆಯಲ್ಲಿ ಹಸು ಕಟ್ಟಿದ ನಮ್ಮ ರೈತನಿಗೆ ಅದೆಂಥ ಭಾಗ್ಯವೆಂದು ಬಿಡಿಸಿ ಹೇಳಬೇಕಿಲ್ಲ. ಜೇನುಹುಳುಗಳ ಶತ್ರುವಾದ ವರೋವಾ ನುಸಿ ಮಾತ್ರ 2000ನೇ ಇಸವಿಯಲ್ಲಿ ಅಲ್ಲಿ ಪತ್ತೆಯಾಯಿತು. ಇಂದಿಗೂ ತೊಲಗಿಲ್ಲ. ಒಳಬಂದ ಪೀಡೆಯನ್ನು ಓಡಿಸುವುದು ಸುಲಭವಲ್ಲ.

“ಇನ್ನೇನಾದರೂ ಇದೆಯೇ?” ಅಧಿಕಾರಿಯ ಕೊನೆಯ ಪ್ರಶ್ನೆ. ಕಿರಿಯ ಮಗಳು ಫಿಜಿಯ ಕಡಲತಡಿಯಲ್ಲಿ ಆಯ್ದ ಚಿಪ್ಪುಗಳ ಡಬ್ಬಿ ಹಾಸಿಗೆಯ ಕೆಳಗಿದೆ. ಅಮ್ಮನಿಗೆ ಅದು ಗೊತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯಲಿಕ್ಕಿಲ್ಲ. ಆದರೆ ಮಗಳು ಅಮ್ಮನ ಮುಖವನ್ನೇ ನೋಡುತ್ತಿದ್ದಾಳೆ. ಎಷ್ಟೇ ನಿಯಮಗಳಿದ್ದರೂ ಅವುಗಳ ಬಲ ನಿಂತಿರುವುದು ಈ ಒಂದು ಗಳಿಗೆಯ ಮೇಲೆ. ಅಮ್ಮ ಡಬ್ಬಿಯನ್ನು ತೆಗೆದು ಮೇಜಿನ ಮೇಲಿಡುತ್ತಾಳೆ.

ತಪಾಸಣೆ ಮುಗಿದು ಹಳದಿ ಬಾವುಟ ಇಳಿಯುತ್ತದೆ. ಆತಿಥ್ಯ ನೀಡಿದ ದೇಶದ ಗೌರವಕ್ಕೆ ಅದರ ಬಾವುಟ ಬಲಬದಿಯಲ್ಲಿ ಏರುತ್ತದೆ. ಕಾಲು ತೊಳೆದುಕೊಂಡು ಒಳಗೆ ಬಾ ಎಂದು ನಮ್ಮ ಅಜ್ಜಿಯಂದಿರು ಹೊಸ್ತಿಲಲ್ಲಿ ನಿಂತು ಹೇಳುತ್ತಿದ್ದುದೂ ಇದನ್ನೇ ಅಲ್ಲವೇ?