ಚೈನ್ ಸಾ ಮಷಿನ್‌ಗೆ ಬೈಕಿನ ಎಂಜಿನ್ ಆಯಿಲ್ ಹಾಕಬಹುದೇ?

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಹೊಲದ ಬದು, ಹಳ್ಳದ ದಂಡೆಯಲ್ಲಿ ಬೆಳೆದ ಬಳ್ಳಾರಿ ಜಾಲಿ ಕಡಿಯಲು ಚೈನ್ ಸಾ ಬಳಸುವವರಿದ್ದಾರೆ. ಇವರ ನಡುವೆ ಓಡಾಡುವ ಮೂರು ಮಾತುಗಳನ್ನು ಪರಿಶೀಲಿಸೋಣ.

ಮಾತು 1: ‘ಎಣ್ಣೆ ಯಾವುದಾದರೇನು, ಬೈಕಿನದ್ದೇ ಹಾಕಿ’

ತಪ್ಪು. ಈಗಿನ ಬೈಕುಗಳದ್ದು ಫೋರ್ ಸ್ಟ್ರೋಕ್ ಎಂಜಿನ್. ಅದರಲ್ಲಿ ಎಣ್ಣೆ ಬೇರೆ ಕಡೆ ನಿಂತಿರುತ್ತದೆ. ಪೆಟ್ರೋಲ್ ಚೈನ್ ಸಾ ಸಾಮಾನ್ಯವಾಗಿ ಟೂ ಸ್ಟ್ರೋಕ್. ಇಲ್ಲಿ ಎಣ್ಣೆ ಪೆಟ್ರೋಲ್ ಜೊತೆಗೇ ಒಳಗೆ ಹೋಗಿ, ಬೇರಿಂಗ್, ಪಿಸ್ಟನ್‌ಗೆ ಜಿಡ್ಡು ಕೊಟ್ಟು, ಕೊನೆಗೆ ಉರಿದುಹೋಗುತ್ತದೆ. ಬೈಕಿನ ಎಣ್ಣೆ ಹೀಗೆ ಉರಿಯಲು ಮಾಡಿದ್ದಲ್ಲ. ಅದರಲ್ಲಿರುವ ಲೋಹದ ಅಂಶ ಬೂದಿಯಾಗಿ ಪ್ಲಗ್, ಪಿಸ್ಟನ್, ಸೈಲೆನ್ಸರ್‌ಗೆ ಕಟ್ಟಿಕೊಳ್ಳುತ್ತದೆ.

ಡಬ್ಬಿಯ ಮೇಲೆ ‘ಜಾಸೊ ಎಫ್‌ಡಿ’ ಅಥವಾ ‘ಐಎಸ್‌ಒ ಇಜಿಡಿ’ ಎಂದಿರುವ 2ಟಿ ಆಯಿಲ್ ಒಳ್ಳೆಯ ಆಯ್ಕೆ. ‘ಟಿಸಿ-ಡಬ್ಲ್ಯು3’ ಎಂದಿದ್ದರೆ ಅದು ನೀರಿನಿಂದ ತಂಪಾಗುವ ದೋಣಿ ಎಂಜಿನ್‌ಗೆ ಮಾಡಿದ್ದು. ಗಾಳಿಯಿಂದ ತಂಪಾಗುವ ಚೈನ್ ಸಾ ಅದಕ್ಕಿಂತ ಹೆಚ್ಚು ಕಾಯುತ್ತದೆ.

ಮಾತು 2: ‘ಎಣ್ಣೆ ಜಾಸ್ತಿ ಹಾಕಿದರೆ ಬಾಳಿಕೆ ಜಾಸ್ತಿ’

ಇದೂ ತಪ್ಪು. ಜಾಸ್ತಿಯಾದರೆ ಹೊಗೆ, ಮಸಿ; ಪ್ಲಗ್ ಕೆಡುತ್ತದೆ. ಕಡಿಮೆಯಾದರೆ ಪಿಸ್ಟನ್ ಕಾದು ಜಾಮ್ ಆಗುತ್ತದೆ. ಮಷಿನ್ ಪುಸ್ತಕದಲ್ಲಿ 50:1 ಎಂದಿದ್ದರೆ ಲೀಟರ್ ಪೆಟ್ರೋಲ್‌ಗೆ 20 ಮಿ.ಲೀ., 40:1 ಇದ್ದರೆ 25 ಮಿ.ಲೀ., 25:1 ಇದ್ದರೆ 40 ಮಿ.ಲೀ. ಎಣ್ಣೆ. ಅಂದಾಜಿಗೆ ಸುರಿಯದೆ ಅಳತೆ ಡಬ್ಬಿ ಬಳಸಿ. ಬೇರೆ ಕ್ಯಾನ್‌ನಲ್ಲಿ ಚೆನ್ನಾಗಿ ಕಲಸಿ, ಆಮೇಲೆ ಟ್ಯಾಂಕಿಗೆ ಹಾಕಿ. ಎಣ್ಣೆಯ ಕೆಂಪು, ನೀಲಿ, ಹಸಿರು ಬರೀ ಬಣ್ಣ; ಅದರಿಂದ ಗುಣಮಟ್ಟ ಗೊತ್ತಾಗುವುದಿಲ್ಲ.

ಮಾತು 3: ‘ಕಲಸಿಟ್ಟ ಪೆಟ್ರೋಲ್ ಎಷ್ಟು ದಿನವಾದರೂ ಕೆಡಲ್ಲ’

ಕೆಡುತ್ತದೆ. ಈಗಿನ ಪೆಟ್ರೋಲ್‌ನಲ್ಲಿ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ. ನೀರು ಹೆಚ್ಚಾದರೆ ಎಥೆನಾಲ್ ಮತ್ತು ನೀರು ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಒಂದು ತಿಂಗಳೊಳಗೆ ಮುಗಿಯುವಷ್ಟೇ ಕಲಸಿ. ಮಷಿನ್ ಬಹಳ ದಿನ ನಿಲ್ಲಿಸುವುದಿದ್ದರೆ ಟ್ಯಾಂಕ್ ಖಾಲಿ ಮಾಡಿ.

ನೆನಪಿಡಿ: ಚೈನ್‌ಗೆ ಹಾಕುವ ಎಣ್ಣೆಯೇ ಬೇರೆ, ಅದರ ಟ್ಯಾಂಕೂ ಬೇರೆ. ಅದಲುಬದಲು ಮಾಡಬೇಡಿ.

ಎಣ್ಣೆಯಲ್ಲಿ ಉಳಿಸಿದ ದುಡ್ಡಿಗಿಂತ ಪಿಸ್ಟನ್, ಸಿಲಿಂಡರ್ ಬದಲಿಸುವ ಖರ್ಚೇ ಹೆಚ್ಚು. ಔಷಧಿ ಹೊಡೆಯುವ ಟೂ ಸ್ಟ್ರೋಕ್ ಪಂಪಿಗೂ ಇದೇ ಲೆಕ್ಕ. ‘ಯಾವ ಎಣ್ಣೆಯಾದರೂ ನಡೆಯುತ್ತೆ’ ಎಂಬ ಮೆಸೇಜ್ ಬಂದರೆ ಫಾರ್ವರ್ಡ್ ಮಾಡುವ ಮುನ್ನ ನಿಮ್ಮ ಮಷಿನ್ ಪುಸ್ತಕ ಒಮ್ಮೆ ನೋಡಿ.