ನಾಲ್ಕೂವರೆ ಸುತ್ತು, ಮುಕ್ಕಾಲು ಸೆಕೆಂಡು

ಫಿಗರ್ ಸ್ಕೇಟಿಂಗ್ ಎಂಬ ಆಟದ ವರ್ಷವು ಜುಲೈ ತಿಂಗಳ ಮೊದಲನೆಯ ದಿನ ಹುಟ್ಟಿ, ಮರುವರ್ಷದ ಜೂನ್ ಕೊನೆಗೆ ಮುಗಿಯುತ್ತದೆ. ಬೂಟಿನ ಅಡಿಗೆ ಉಕ್ಕಿನ ಅಲಗನ್ನು ತೊಡಿಸಿಕೊಂಡು, ಸಂಗೀತಕ್ಕೆ ಸರಿಯಾಗಿ ಮಂಜುಗಡ್ಡೆಯ ಮೇಲೆ ಜಾರುತ್ತ, ಗಿರಕಿ ಹೊಡೆಯುತ್ತ, ಮೇಲಕ್ಕೆ ನೆಗೆದು ಸುತ್ತಿ ಇಳಿಯುವ ಈ ಆಟವನ್ನು ನಮ್ಮಲ್ಲಿ ಕಣ್ಣಾರೆ ಕಂಡವರು ವಿರಳ. ಆದರೆ ಜಪಾನ್, ರಷ್ಯ, ಕೆನಡ, ಅಮೆರಿಕ, ಫ್ರಾನ್ಸ್ ಮೊದಲಾದ ದೇಶಗಳಲ್ಲಿ ಇದಕ್ಕೆ ಅಭಿಮಾನಿಗಳು ಬಹಳ. ಜುಲೈ ಬಂದಿತೆಂದರೆ ಅವರಿಗೆ ನಿರೀಕ್ಷೆಯ ಕಾಲ ಬಂದಿತೆಂದೇ ಅರ್ಥ.

ಆಗಸ್ಟ್ ತಿಂಗಳಲ್ಲಿ ಕಿರಿಯರ ಸ್ಪರ್ಧೆಗಳು ಮೊದಲಾಗುತ್ತವೆ. ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ವಾರಕ್ಕೊಂದರಂತೆ ‘ಗ್ರ್ಯಾಂಡ್ ಪ್ರಿ’ ಎಂಬ ಆರು ಸ್ಪರ್ಧೆಗಳು ಬೇರೆ ಬೇರೆ ದೇಶಗಳಲ್ಲಿ ನಡೆಯುತ್ತವೆ. ಅವುಗಳಲ್ಲಿ ಮೇಲುಗೈ ಪಡೆದ ಆರು ಮಂದಿ ಡಿಸೆಂಬರಿನ ಅಂತಿಮ ಪಂದ್ಯಕ್ಕೆ ಅರ್ಹರು. ಬಳಿಕ ಯೂರೋಪಿನವರಿಗೊಂದು, ಉಳಿದ ಖಂಡಗಳವರಿಗೊಂದು ಪ್ರತ್ಯೇಕ ಪಂದ್ಯ ನಡೆದು, ಮಾರ್ಚಿನಲ್ಲಿ ವಿಶ್ವ ಸ್ಪರ್ಧೆಯೊಡನೆ ಋತು ತನ್ನ ಶಿಖರವನ್ನು ಮುಟ್ಟುತ್ತದೆ. ಯಾರು ಯಾವ ದೇಶದ ಪಂದ್ಯಕ್ಕೆ ಹೋಗುವರು, ಯಾರು ಯಾವ ಸಂಗೀತವನ್ನು ಆರಿಸಿಕೊಂಡಿರುವರು, ಬೇಸಗೆಯ ಅಭ್ಯಾಸದಲ್ಲಿ ಯಾರಿಗೆ ಯಾವ ಹೊಸ ನೆಗೆತ ಒಲಿದಿದೆ ಎಂಬ ಸುದ್ದಿಗಳನ್ನು ಅಭಿಮಾನಿಗಳು ಸಂಗ್ರಹಿಸುತ್ತಾರೆ. ಸ್ಪರ್ಧಿಗಳು ತಾವು ಮಾಡಲಿರುವ ನೆಗೆತಗಳ ಪಟ್ಟಿಯನ್ನು ಮುಂಗಡವಾಗಿ ಕೊಡಬೇಕೆಂಬ ವಾಡಿಕೆಯುಂಟು. ಆ ಪಟ್ಟಿ ಪ್ರಕಟವಾದೊಡನೆ ಎಲ್ಲರ ಕಣ್ಣೂ ಒಂದೇ ಅಂಕಿಯನ್ನು ಅರಸುತ್ತದೆ: ಗಾಳಿಯಲ್ಲಿ ಎಷ್ಟು ಸುತ್ತು? ಮೂರೋ, ನಾಲ್ಕೋ, ನಾಲ್ಕೂವರೆಯೋ?

ಈ ಅಂಕಿಯ ಮೇಲೇಕೆ ಇಷ್ಟು ಕುತೂಹಲ? ಒಂದು ಸುತ್ತನ್ನು ಹೆಚ್ಚಿಸುವುದು ಅಷ್ಟೊಂದು ಕಠಿನವೆ? ಭೌತಶಾಸ್ತ್ರದ ಮೊದಲ ಪಾಠಗಳನ್ನು ಬಲ್ಲ ವಿದ್ಯಾರ್ಥಿಗೆ ಇದರ ಉತ್ತರ ಎಟುಕದುದಲ್ಲ. ಅದನ್ನು ಹಂತಹಂತವಾಗಿ ನೋಡೋಣ.

ಮಂಜುಗಡ್ಡೆ ಜಾರುವುದೇಕೆ?

ಮೊದಲು ನೆಲವನ್ನೇ ಪರೀಕ್ಷಿಸೋಣ. ಅಲಗಿನ ಒತ್ತಡದಿಂದ ಮಂಜುಗಡ್ಡೆ ಕರಗಿ, ಆ ನೀರಿನ ಪದರದ ಮೇಲೆ ಸ್ಕೇಟರ್ ಜಾರುತ್ತಾನೆಂದು ಹಳೆಯ ಪುಸ್ತಕಗಳಲ್ಲಿ ಹೇಳಿರುತ್ತದೆ. ಒತ್ತಡ ಹೆಚ್ಚಿದಂತೆ ಮಂಜುಗಡ್ಡೆಯ ಕರಗುವ ಬಿಂದು ಇಳಿಯುವುದು ನಿಜ. ಆದರೆ ಎಷ್ಟು ಇಳಿಯುತ್ತದೆ? ನೂರು ವಾಯುಮಂಡಲಗಳ ಒತ್ತಡಕ್ಕೆ ಒಂದು ಡಿಗ್ರಿ ಸೆಲ್ಸಿಯಸ್ ಕೂಡ ಇಲ್ಲ. 50 ಕಿಲೋಗ್ರಾಂ ತೂಕದವರೊಬ್ಬರು ಒಂದು ಚದರ ಸೆಂಟಿಮೀಟರಿನಷ್ಟು ಅಲಗನ್ನೂರಿ ನಿಂತರೆ ಒತ್ತಡವು ಸುಮಾರು 50 ವಾಯುಮಂಡಲದಷ್ಟಾಗುತ್ತದೆ. ಕರಗುವ ಬಿಂದು ಅರ್ಧ ಡಿಗ್ರಿಯಷ್ಟೂ ಇಳಿಯುವುದಿಲ್ಲ. ಈ ಆಟದ ಅಂಗಣದ ಮಂಜುಗಡ್ಡೆಯನ್ನು ಸೊನ್ನೆಗಿಂತ ಮೂರು ನಾಲ್ಕು ಡಿಗ್ರಿ ಕೆಳಗೆ ಇಟ್ಟಿರುತ್ತಾರಾದುದರಿಂದ ಒತ್ತಡವೊಂದೇ ಕಾರಣವಾಗಲಾರದು. ಅಲ್ಲದೆ, ಅಗಲವಾದ ಅಡಿಯ ಬೂಟು ತೊಟ್ಟವರೂ ಮಂಜುಗಡ್ಡೆಯ ಮೇಲೆ ಜಾರಿ ಬೀಳುತ್ತಾರಲ್ಲ!

ಮಂಜುಗಡ್ಡೆಯ ಮೇಲ್ಮೈಯ ಅಣುಗಳಿಗೆ ಒಳಗಿನ ಅಣುಗಳಿಗಿರುವಷ್ಟು ಬಿಗಿಯಾದ ಹಿಡಿತವಿಲ್ಲ. ಹೊರಮೈಯಲ್ಲಿ ಬಹು ತೆಳುವಾದ, ಅರೆದ್ರವದಂತಹ ಪದರವೊಂದು ಇದ್ದೇ ಇರುತ್ತದೆಂಬ ಊಹೆಯನ್ನು ಮೈಕೆಲ್ ಫ್ಯಾರಡೆ 1850ರಲ್ಲಿಯೇ ಮುಂದಿಟ್ಟನು. ಇದರ ಜೊತೆಗೆ, ಅಲಗು ಉಜ್ಜುವುದರಿಂದ ಹುಟ್ಟುವ ಶಾಖವೂ ಮೇಲ್ಮೈಯನ್ನು ಕರಗಿಸುತ್ತದೆಂದು ಬೌಡನ್ ಮತ್ತು ಹ್ಯೂಸ್ ಎಂಬವರು 1939ರಲ್ಲಿ ತೋರಿಸಿದರು. ಈ ಪದರದ ನಿಜಸ್ವರೂಪವನ್ನು ಕುರಿತು ಸಂಶೋಧನೆ ಇನ್ನೂ ನಡೆದೇ ಇದೆ.

ಕೇವಲ ಜಾರಿದರೆ ಸಾಲದು. ನೆಗೆಯಲು ಹಿಡಿತವೂ ಬೇಕು. ಆ ಕೆಲಸಕ್ಕೆ ಅಲಗಿನ ರಚನೆ ಒದಗುತ್ತದೆ. ಅಲಗು ಸುಮಾರು ನಾಲ್ಕು ಮಿಲಿಮೀಟರ್ ದಪ್ಪ. ಅದರ ಅಡಿಯಲ್ಲಿ ಉದ್ದಕ್ಕೂ ಒಂದು ತಗ್ಗು ಕೊರೆದಿರುವುದರಿಂದ ಎರಡು ಹರಿತವಾದ ಅಂಚುಗಳು ಉಳಿಯುತ್ತವೆ. ಮೈಯನ್ನು ಒಂದು ಬದಿಗೆ ವಾಲಿಸಿದಾಗ ಆ ಬದಿಯ ಅಂಚು ಮಂಜುಗಡ್ಡೆಯನ್ನು ಕೊರೆದು ಹಿಡಿಯುತ್ತದೆ. ಅಲಗಿನ ತುದಿಯಲ್ಲಿ ಗರಗಸದಂತಹ ಹಲ್ಲುಗಳೂ ಇವೆ. ಯಾವ ಅಂಚಿನಿಂದ, ಹಲ್ಲನ್ನೂರಿಯೋ ಊರದೆಯೋ, ನೆಗೆದರೆಂಬುದರ ಮೇಲೆ ನೆಗೆತದ ಹೆಸರು ನಿಂತಿದೆ. ಪಳಗಿದ ಅಭಿಮಾನಿ ಇದನ್ನು ಬರಿಗಣ್ಣಿನಿಂದಲೇ ಗುರುತಿಸಬಲ್ಲನು.

ಗಾಳಿಯಲ್ಲಿ ಎಷ್ಟು ಹೊತ್ತು?

ನೆಲವನ್ನು ಬಿಟ್ಟ ಕ್ಷಣದಿಂದ ಸ್ಕೇಟರ್ ಗುರುತ್ವಾಕರ್ಷಣೆಯ ವಶ. ಎಸೆದ ಕಲ್ಲಿಗೆ ಅನ್ವಯಿಸುವ ನಿಯಮವೇ ಅವನಿಗೂ ಅನ್ವಯಿಸುತ್ತದೆ. ಗಾಳಿಯಲ್ಲಿರುವ ಹೊತ್ತಿನ ವರ್ಗವನ್ನು ಗುರುತ್ವದ ವೇಗೋತ್ಕರ್ಷದಿಂದ (9.8) ಗುಣಿಸಿ, ಎಂಟರಿಂದ ಭಾಗಿಸಿದರೆ ನೆಗೆತದ ಎತ್ತರ ಮೀಟರುಗಳಲ್ಲಿ ದೊರೆಯುತ್ತದೆ. 50 ಸೆಂಟಿಮೀಟರ್ ನೆಗೆದವನಿಗೆ ದೊರೆಯುವ ಹೊತ್ತು 0.64 ಸೆಕೆಂಡು, 60 ಸೆಂಟಿಮೀಟರಿಗೆ 0.7 ಸೆಕೆಂಡು. ಹೊತ್ತನ್ನು ಇಮ್ಮಡಿ ಮಾಡಬೇಕಾದರೆ ಎತ್ತರವನ್ನು ನಾಲ್ಮಡಿ ಮಾಡಬೇಕು. ಅಂದರೆ 1.4 ಸೆಕೆಂಡು ಗಾಳಿಯಲ್ಲಿರಲು 2.4 ಮೀಟರ್ ನೆಗೆಯಬೇಕು! ಮನುಷ್ಯನ ಸ್ನಾಯುಗಳಿಗೆ ಇದು ಅಳವಲ್ಲ. ಆದಕಾರಣ ಪ್ರಪಂಚದ ಅತ್ಯುತ್ತಮ ಸ್ಪರ್ಧಿಗೂ ಮುಕ್ಕಾಲು ಸೆಕೆಂಡಿನ ಆಸುಪಾಸಿನಲ್ಲಿಯೇ ಎಲ್ಲವನ್ನೂ ಮುಗಿಸಬೇಕಾಗಿದೆ. ಹೊತ್ತು ಹೆಚ್ಚದಿದ್ದ ಮೇಲೆ ಉಳಿದ ದಾರಿ ಒಂದೇ: ಹೆಚ್ಚು ಬೇಗ ಸುತ್ತುವುದು.

ತೋಳು ಮಡಿಸುವ ರಹಸ್ಯ

ಸಲೀಸಾಗಿ ತಿರುಗುವ ಕುರ್ಚಿಯೊಂದರಲ್ಲಿ ಕುಳಿತು, ಎರಡು ಕೈಗಳಲ್ಲೂ ದಪ್ಪ ಪುಸ್ತಕಗಳನ್ನು ಹಿಡಿದು ತೋಳು ಚಾಚಿರಿ. ಗೆಳೆಯನೊಬ್ಬನು ಕುರ್ಚಿಯನ್ನು ಮೆಲ್ಲನೆ ತಿರುಗಿಸಲಿ. ಈಗ ಪುಸ್ತಕಗಳನ್ನು ಎದೆಗೆ ಒತ್ತಿಕೊಂಡರೆ ಕುರ್ಚಿಯ ವೇಗ ಒಮ್ಮೆಗೇ ಹೆಚ್ಚುತ್ತದೆ. ಇದಕ್ಕೆ ಕಾರಣವೇನು? ಸುತ್ತುವ ವಸ್ತುವಿನ ಜಡತೆ ಅದರ ರಾಶಿಯನ್ನಷ್ಟೇ ಅಲ್ಲ, ಆ ರಾಶಿ ಅಕ್ಷದಿಂದ ಎಷ್ಟು ದೂರ ಹರಡಿದೆ ಎಂಬುದರ ವರ್ಗವನ್ನೂ ಅವಲಂಬಿಸಿದೆ. ಇದನ್ನು ನಾವು ಭ್ರಮಣಜಡತೆ ಎಂದು ಕರೆಯೋಣ. ಹೊರಗಿನಿಂದ ತಿರುಚುವ ಬಲವಿಲ್ಲದಿದ್ದರೆ, ಭ್ರಮಣಜಡತೆ ಮತ್ತು ಭ್ರಮಣವೇಗಗಳ ಗುಣಲಬ್ಧವಾದ ಕೋನೀಯ ಸಂವೇಗವು ಬದಲಾಗುವುದಿಲ್ಲ. ಒಂದು ಇಳಿದರೆ ಮತ್ತೊಂದು ಏರಲೇಬೇಕು.

ಸ್ಕೇಟರ್ ಮಾಡುವುದೂ ಇದನ್ನೇ. ತೋಳನ್ನೂ ಕಾಲನ್ನೂ ಬೀಸಿ ನೆಲ ಬಿಡುವಾಗಲೇ ಅವನು ಕೋನೀಯ ಸಂವೇಗವನ್ನು ಗಳಿಸಿಕೊಳ್ಳಬೇಕು. ಗಾಳಿಗೆ ಏರಿದ ಮೇಲೆ ಅದನ್ನು ಕಿಂಚಿತ್ತೂ ಹೆಚ್ಚಿಸಲಾಗದು. ಅಲ್ಲಿ ಅವನ ಕೈಯಲ್ಲಿ ಉಳಿಯುವುದು ಭ್ರಮಣಜಡತೆಯೊಂದೇ. ಆದುದರಿಂದ ತೋಳುಗಳನ್ನು ಎದೆಗೆ ಬಿಗಿದು, ಕಾಲುಗಳನ್ನು ಹೆಣೆದು, ಮೈಯನ್ನು ಕಂಬದಂತೆ ಸಪೂರವಾಗಿಸುತ್ತಾನೆ. ನಾಲ್ಕೂವರೆ ಸುತ್ತಿನ ನೆಗೆತದಲ್ಲಿ ಮಂಜುಗಡ್ಡೆಯ ಮೇಲೆಯೇ ಆಗಿಹೋಗುವ ಅಂಶವನ್ನು ಕಳೆದು ನಾಲ್ಕು ಸುತ್ತೆಂದು ಲೆಕ್ಕ ಹಿಡಿದರೂ, 0.7 ಸೆಕೆಂಡಿನಲ್ಲಿ ಅವು ಮುಗಿಯಬೇಕಾದರೆ ಸೆಕೆಂಡಿಗೆ 5.7 ಸುತ್ತು, ಎಂದರೆ ನಿಮಿಷಕ್ಕೆ 340 ಸುತ್ತಿನ ವೇಗ ಬೇಕು. ನಮ್ಮ ಮನೆಗಳಲ್ಲಿ ಸೂರಿಗೆ ತೂಗುಹಾಕಿದ ವಿದ್ಯುತ್ ಪಂಖ ಪೂರ್ಣವೇಗದಲ್ಲಿ ತಿರುಗುವುದೂ ಹೆಚ್ಚುಕಡಮೆ ಇಷ್ಟೇ.

ಇಳಿಯುವ ಕ್ಷಣದಲ್ಲಿ ತೋಳು ಬಿಚ್ಚಿ ಈ ವೇಗವನ್ನು ತಡೆಯಬೇಕು. ದೇಹದ ತೂಕದ ಹಲವು ಪಟ್ಟಿನ ಹೊರೆಯನ್ನು ಒಂದೇ ಕಾಲಿನ ಮೇಲೆ ತಾಳಬೇಕು. ಹಿಮ್ಮುಖವಾಗಿ ಜಾರುತ್ತ ಸಂಗೀತಕ್ಕೆ ತಪ್ಪದೆ ಮುಂದುವರಿಯಬೇಕು.

ನೂರ ನಲವತ್ತು ವರ್ಷಗಳ ಏರಿಕೆ

ನೆಗೆತಗಳಲ್ಲೆಲ್ಲ ಕಠಿನವೆನಿಸಿದುದು ‘ಆಕ್ಸೆಲ್’. ನಾರ್ವೆಯ ಆಕ್ಸೆಲ್ ಪೌಲ್ಸೆನ್ ಇದನ್ನು 1882ರಲ್ಲಿ ವಿಯೆನ್ನದಲ್ಲಿ ಮೊದಲು ಮಾಡಿ ತೋರಿಸಿದನು. ಉಳಿದ ನೆಗೆತಗಳೆಲ್ಲ ಹಿಮ್ಮುಖವಾಗಿ ಆರಂಭವಾದರೆ ಇದೊಂದು ಮಾತ್ರ ಮುಮ್ಮುಖವಾಗಿ ಆರಂಭವಾಗುತ್ತದೆ. ಇಳಿಯುವುದು ಮಾತ್ರ ಹಿಮ್ಮುಖವಾಗಿಯೇ. ಆದಕಾರಣ ಇದರಲ್ಲಿ ಅರ್ಧ ಸುತ್ತು ಯಾವಾಗಲೂ ಹೆಚ್ಚು. ಪೌಲ್ಸೆನ್ ಸುತ್ತಿದುದು ಒಂದೂವರೆ. ಎರಡೂವರೆ ಸುತ್ತನ್ನು ಅಮೆರಿಕದ ಡಿಕ್ ಬಟನ್ 1948ರ ಒಲಿಂಪಿಕ್ ಕ್ರೀಡೆಗಳಲ್ಲಿಯೂ, ಮೂರೂವರೆ ಸುತ್ತನ್ನು ಕೆನಡದ ವರ್ನ್ ಟೇಲರ್ 1978ರ ವಿಶ್ವ ಸ್ಪರ್ಧೆಯಲ್ಲಿಯೂ ಸಾಧಿಸಿದರು. ಮಹಿಳೆಯರಲ್ಲಿ ಮೂರೂವರೆಯನ್ನು ಸ್ಪರ್ಧೆಯಲ್ಲಿ ಮೊದಲು ಸಾಧಿಸಿದವರು ಜಪಾನಿನ ಮಿದೊರಿ ಇತೊ, ಅದು 1988ರಲ್ಲಿ.

ನಾಲ್ಕೂವರೆಗಾಗಿ ಅಭಿಮಾನಿಗಳು ಕಾದ ಕಥೆ ನೆನೆಯತಕ್ಕದ್ದು. 2014 ಮತ್ತು 2018ರ ಒಲಿಂಪಿಕ್ ಕ್ರೀಡೆಗಳೆರಡರಲ್ಲೂ ಚಿನ್ನ ಗೆದ್ದ ಜಪಾನಿನ ಯುಜುರು ಹನ್ಯು ಅದನ್ನೇ ತಮ್ಮ ಗುರಿಯಾಗಿಸಿಕೊಂಡಿದ್ದರು. ಋತುವಿನ ಮೇಲೆ ಋತು ಕಳೆದರೂ ಅಭಿಮಾನಿಗಳು ನಿರೀಕ್ಷೆಯನ್ನು ಬಿಡಲಿಲ್ಲ. 2022ರ ಫೆಬ್ರವರಿಯಲ್ಲಿ ಬೀಜಿಂಗಿನಲ್ಲಿ ಹನ್ಯು ನೆಗೆದರು. ಸುತ್ತು ಪೂರ್ಣವಾಗದೆ ಬಿದ್ದರು. ಅದೇ ಜುಲೈಯಲ್ಲಿ ಸ್ಪರ್ಧೆಗಳಿಂದ ನಿವೃತ್ತರಾದರು. ಇದಾಗಿ ಎರಡೇ ತಿಂಗಳಿಗೆ, ಸೆಪ್ಟೆಂಬರಿನಲ್ಲಿ, ಅಮೆರಿಕದ ಲೇಕ್ ಪ್ಲ್ಯಾಸಿಡ್ ಎಂಬ ಊರಿನ ಸ್ಪರ್ಧೆಯೊಂದರಲ್ಲಿ 17 ವರ್ಷದ ಇಲ್ಯ ಮಾಲಿನಿನ್ ನಾಲ್ಕೂವರೆ ಸುತ್ತನ್ನು ಪೂರೈಸಿ ನಿಂತರು. ಒಂದೂವರೆಯಿಂದ ನಾಲ್ಕೂವರೆಗೆ ಏರಲು ಮನುಷ್ಯನಿಗೆ ಸರಿಯಾಗಿ 140 ವರ್ಷಗಳು ಹಿಡಿದವು.

ಹನ್ಯು ಅವರಿಗೆ ಕೊರತೆಯಾದುದು ಅರ್ಧ ಸುತ್ತಿಗಿಂತಲೂ ಕಡಮೆ. ನೆಗೆತದಲ್ಲಿ ಕಾಲು ಸುತ್ತಿಗಿಂತ ಹೆಚ್ಚು ಕೊರೆಬಿದ್ದರೆ ಅಂಕ ಕಡಿತವಾಗುತ್ತದೆ; ಅರ್ಧ ಸುತ್ತು ಅಥವಾ ಅದಕ್ಕಿಂತ ಹೆಚ್ಚು ಕೊರೆಬಿದ್ದರೆ, ನಾಲ್ಕನ್ನು ಮೂರೆಂದೇ ಎಣಿಸುತ್ತಾರೆ. ಸೆಕೆಂಡಿಗೆ 5.7 ಸುತ್ತುವವನಿಗೆ ಕಾಲು ಸುತ್ತೆಂದರೆ ಸೆಕೆಂಡಿನ ಇಪ್ಪತ್ತಮೂರನೆಯ ಒಂದು ಭಾಗ. ಕಣ್ಣು ರೆಪ್ಪೆ ಬಡಿಯುವುದಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು. ತೀರ್ಪುಗಾರರು ನಿಧಾನಗತಿಯ ಚಿತ್ರವನ್ನು ನೋಡಿ ನಿರ್ಣಯಿಸುವುದು ಈ ಕಾರಣದಿಂದಲೇ.

ಬೆಳೆಯುವ ದೇಹದ ಗಣಿತ

ಇನ್ನೊಂದು ವಿಷಯವನ್ನು ಇಲ್ಲಿ ವಿಚಾರಿಸಲೇಬೇಕು. ಅದು ಈ ಪುಟಗಳನ್ನು ಓದುವ ವಿದ್ಯಾರ್ಥಿಗಳ ವಯಸ್ಸಿನವರಿಗೇ ಸಂಬಂಧಿಸಿದುದು. 2018ರ ಕಿರಿಯರ ವಿಶ್ವ ಸ್ಪರ್ಧೆಯಲ್ಲಿ ರಷ್ಯದ ಅಲೆಕ್ಸಾಂದ್ರ ತ್ರುಸೊವ ನಾಲ್ಕು ಸುತ್ತಿನ ನೆಗೆತಗಳೆರಡನ್ನು ಮಾಡಿದಾಗ ಆಕೆಗೆ 13 ವರ್ಷ. 2019ರಲ್ಲಿ ಅಮೆರಿಕದ ಅಲಿಸ ಲ್ಯು ನಾಲ್ಕು ಸುತ್ತಿದಾಗ ಆಕೆಗೆ 14. ವಯಸ್ಕ ಮಹಿಳೆಯರಿಗೆ ಒಲಿಯದುದು ಬಾಲಕಿಯರಿಗೆ ಒಲಿಯಿತೇಕೆ?

ಮತ್ತೆ ಗಣಿತವನ್ನೇ ಕೇಳೋಣ. ಬಾಲಕಿಯೊಬ್ಬಳು ಎತ್ತರ, ಅಗಲ, ದಪ್ಪಗಳಲ್ಲಿ ಶೇಕಡ 10ರಷ್ಟು ಬೆಳೆದಳೆನ್ನಿ. ರಾಶಿಯು ಘನದ ಪ್ರಮಾಣದಲ್ಲಿ, ಎಂದರೆ ಶೇಕಡ 33ರಷ್ಟು ಹೆಚ್ಚುತ್ತದೆ. ಅಕ್ಷದಿಂದ ದೂರದ ವರ್ಗವು ಶೇಕಡ 21ರಷ್ಟು ಹೆಚ್ಚುತ್ತದೆ. ಇವೆರಡನ್ನೂ ಗುಣಿಸಿದರೆ ಭ್ರಮಣಜಡತೆಯು ಶೇಕಡ 61ರಷ್ಟು ಏರಿರುತ್ತದೆ! ಕೋನೀಯ ಸಂವೇಗವೂ ಗಾಳಿಯಲ್ಲಿರುವ ಹೊತ್ತೂ ಮೊದಲಿನಷ್ಟೇ ಇದ್ದರೆ, ನಾಲ್ಕು ಸುತ್ತುತ್ತಿದ್ದವಳು ಈಗ ಎರಡೂವರೆ ಮಾತ್ರ ಸುತ್ತಬಲ್ಲಳು. ಬೆಳೆದ ದೇಹಕ್ಕೆ ಬಲವೂ ಕೂಡಿಬರುವುದರಿಂದ ನಷ್ಟವೆಲ್ಲ ಹೀಗೆಯೇ ಉಳಿಯುವುದಿಲ್ಲ. ಆದರೆ ಸ್ನಾಯುವಿನ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅನುಸರಿಸಿ ವರ್ಗದ ಪ್ರಮಾಣದಲ್ಲಿ ಏರಿದರೆ, ತೂಕ ಘನದ ಪ್ರಮಾಣದಲ್ಲಿ ಏರುತ್ತದೆ. ಓಟದಲ್ಲಿ ತೂಕವೇ ಮುಂದು.

ಇದರ ಪರಿಣಾಮ ಕ್ರೂರವಾಗಬಲ್ಲದು. ಬೆಳವಣಿಗೆಯನ್ನೇ ಶತ್ರುವೆಂದು ಎಣಿಸುವ ತರಬೇತಿ, ಮಿತಿಮೀರಿದ ಪಥ್ಯ, ಎಳೆಯ ಮೂಳೆ ಕೀಲುಗಳ ಮೇಲೆ ದಿನದಿನವೂ ಬೀಳುವ ಪೆಟ್ಟು, ಇವುಗಳ ಅಪಾಯ ಕಣ್ಣೆದುರಿಗಿದೆ. 2022ರ ಒಲಿಂಪಿಕ್ ಕ್ರೀಡೆಗಳಲ್ಲಿ 15 ವರ್ಷದ ಸ್ಪರ್ಧಿಯೊಬ್ಬಳು ನಿಷಿದ್ಧ ಔಷಧದ ಪ್ರಕರಣದಲ್ಲಿ ಸಿಲುಕಿದಾಗ ಈ ಚರ್ಚೆ ಇನ್ನಷ್ಟು ಬಿರುಸಾಯಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟವು ಹಿರಿಯರ ಸ್ಪರ್ಧೆಗಳಿಗೆ ಇದ್ದ ಕನಿಷ್ಠ ವಯಸ್ಸನ್ನು 15ರಿಂದ 17ಕ್ಕೆ ಏರಿಸಲು ನಿರ್ಧರಿಸಿತು. 2024–25ರ ಋತುವಿನಿಂದ ಆ ನಿಯಮ ಪೂರ್ಣವಾಗಿ ಜಾರಿಗೆ ಬಂದಿತು. ಇದರಿಂದ ಮಹಿಳೆಯರ ವಿಭಾಗದಲ್ಲಿ ಸುತ್ತುಗಳು ಕಡಮೆಯಾದಾವೆಂದು ಕೆಲವು ಅಭಿಮಾನಿಗಳು ಮರುಗಿದರು. ಅಂಥವರಿಗೆ ಅಲಿಸ ಲ್ಯು ಅವರ ಮುಂದಿನ ಕಥೆಯೇ ಉತ್ತರ. ಆಟದಿಂದ ಬಳಲಿ 16ನೆಯ ವಯಸ್ಸಿಗೇ ನಿವೃತ್ತರಾದ ಅವರು 2024ರಲ್ಲಿ ಹಿಂದಿರುಗಿ, 2025ರ ಮಾರ್ಚಿನಲ್ಲಿ ಬಾಸ್ಟನ್ ನಗರದಲ್ಲಿ ವಿಶ್ವವಿಜೇತೆಯಾದರು. ಆಗ ಅವರಿಗೆ 19 ವರ್ಷ. ಆ ಗೆಲವಿನಲ್ಲಿ ನಾಲ್ಕು ಸುತ್ತಿನ ನೆಗೆತ ಒಂದೂ ಇರಲಿಲ್ಲ.

ಐದು ಸುತ್ತು ಸಾಧ್ಯವೆ?

ಪ್ರತಿ ಋತುವಿನ ಹೊಸ್ತಿಲಲ್ಲಿಯೂ ಅಭಿಮಾನಿಗಳು ಈ ಪ್ರಶ್ನೆಯನ್ನು ಕೇಳಿಕೊಳ್ಳುತ್ತಾರೆ. ನಾವು ಮೇಲೆ ಹಿಡಿದ ಲೆಕ್ಕದಂತೆ, ಭ್ರಮಣವೇಗ ಹೆಚ್ಚದೆಯೇ ಗಾಳಿಯಲ್ಲಿ ಇನ್ನೂ ಅರ್ಧ ಸುತ್ತು ಸೇರಬೇಕಾದರೆ 0.79 ಸೆಕೆಂಡು ಬೇಕು. ನೆಗೆತವು 60 ಸೆಂಟಿಮೀಟರಿನಿಂದ ಸುಮಾರು 76ಕ್ಕೆ ಏರಬೇಕು. ಎತ್ತರ ಹೆಚ್ಚದಿದ್ದರೆ ವೇಗವು ಸೆಕೆಂಡಿಗೆ 6.4 ಸುತ್ತಾಗಬೇಕು. ಪ್ರಕೃತಿಯ ನಿಯಮಗಳು ಇದನ್ನು ನಿಷೇಧಿಸುವುದಿಲ್ಲ. ತೆರಬೇಕಾದ ಬೆಲೆಯನ್ನು ಮಾತ್ರ ತಿಳಿಸುತ್ತವೆ. ಆ ಬೆಲೆಯನ್ನು ಯಾರು, ಯಾವ ವಯಸ್ಸಿನಲ್ಲಿ ತೆರಬೇಕೆಂಬುದು ಭೌತಶಾಸ್ತ್ರದ ಪ್ರಶ್ನೆಯಲ್ಲ. ಅದನ್ನು ಒಕ್ಕೂಟವೂ, ತರಬೇತುದಾರರೂ, ಸುತ್ತುಗಳನ್ನೆಣಿಸಿ ಚಪ್ಪಾಳೆ ತಟ್ಟುವ ಪ್ರೇಕ್ಷಕರೂ ಕೂಡಿಯೇ ನಿರ್ಧರಿಸಬೇಕು.

ಆಸಕ್ತಿಯುಳ್ಳ ವಿದ್ಯಾರ್ಥಿಗಳು ಮುಂದಿನ ಋತುವನ್ನು ಮನೆಯಲ್ಲಿಯೇ ಕುಳಿತು ಅಳೆಯಬಹುದು. ಸ್ಪರ್ಧೆಯ ಚಲಚ್ಚಿತ್ರವೊಂದನ್ನು ಒಂದೊಂದೇ ಚಿತ್ರವಾಗಿ ಮುಂದೂಡುತ್ತ, ಅಲಗು ಮಂಜುಗಡ್ಡೆಯನ್ನು ಬಿಟ್ಟುದರಿಂದ ಮತ್ತೆ ಮುಟ್ಟುವವರೆಗಿನ ಚಿತ್ರಗಳನ್ನು ಎಣಿಸಿರಿ. ಸೆಕೆಂಡಿಗೆ 30 ಚಿತ್ರಗಳಿರುವಲ್ಲಿ 21 ಚಿತ್ರಗಳು ಬಂದರೆ ಹೊತ್ತು 0.7 ಸೆಕೆಂಡು. ಮೇಲಿನ ಸೂತ್ರದಿಂದ ಎತ್ತರವನ್ನು ಕಂಡುಹಿಡಿಯಿರಿ. ಸುತ್ತುಗಳನ್ನು ಹೊತ್ತಿನಿಂದ ಭಾಗಿಸಿ ವೇಗವನ್ನು ಪಡೆಯಿರಿ. ಇಬ್ಬರು ಸ್ಪರ್ಧಿಗಳನ್ನು ಹೀಗೆ ಹೋಲಿಸಿದರೆ, ಒಬ್ಬನು ಎತ್ತರವನ್ನು ನಂಬಿದವನು, ಇನ್ನೊಬ್ಬನು ವೇಗವನ್ನು ನಂಬಿದವನು ಎಂಬುದು ನಿಮಗೇ ಗೋಚರಿಸೀತು.